ವೇಣುವಾದನವೂ ಶಿಷ್ಯಭಾವವೂ



ಸಕಲೇಶಪುರ, ಆಲೂರು ಸೀಮೆಯ ಬೆಟ್ಟಗಳಲ್ಲಿ ಬಿದಿರು ಅಪೂರ್ವ ವಸ್ತುವಲ್ಲ. ಅದು ಬುಟ್ಟಿಯಾಗುವುದು, ತಡಿಕೆಯಾಗುವುದು, ಏಣಿಯಾಗುವುದು. ಯೋಗ್ಯನ ಕೈಸೇರಿದರೆ ಕೊಳಲೂ ಆಗುವುದು. ಆದರೆ ರಂಧ್ರಗಳನ್ನು ಕೊರೆದ ಮಾತ್ರಕ್ಕೆ ನಾದವು ಹುಟ್ಟಲಾರದು. ಕರ್ಣಾಟಕ ಸಂಗೀತದ ಕೊಳಲಿಗೆ ಊದುವ ರಂಧ್ರವೊಂದು, ಬೆರಳಿಡುವ ರಂಧ್ರಗಳು 8. ವೀಣೆಗಿರುವಂತೆ ಅದಕ್ಕೆ ಮೆಟ್ಟಿಲುಗಳಿಲ್ಲ. ಬೆರಳನ್ನು ಅರೆಯಾಗಿ ತೆರೆದು, ತುಟಿಯನ್ನು ಹದಗೊಳಿಸಿ, ಉಸಿರನ್ನು ವಶದಲ್ಲಿಟ್ಟುಕೊಂಡು ಗಮಕವನ್ನು ವಾದಕನೇ ಸಾಧಿಸಬೇಕು.

ಈ ವಾದ್ಯಕ್ಕೆ ಕಚೇರಿಯ ಪ್ರಧಾನಪೀಠವನ್ನು ದೊರಕಿಸಿದವರು ಕುಂಭಕೋಣದ ಶರಭ ಶಾಸ್ತ್ರಿಗಳು. ಅಂಧರಾಗಿದ್ದ ಅವರ ತರುವಾಯ ‘ಮಾಲಿ’ ಎಂದು ಪ್ರಸಿದ್ಧರಾದ ಟಿ. ಆರ್. ಮಹಾಲಿಂಗಂ (1926–1986) ಅವರು, ಮನುಷ್ಯಕಂಠದ ಸಕಲ ಗಮಕಗಳೂ ಕೊಳಲಿನಲ್ಲಿ ಮೂಡುವಂತೆ ತುಟಿ ಬೆರಳುಗಳ ಕ್ರಮವನ್ನೇ ಮಾರ್ಪಡಿಸಿದರು.

ಇದೇ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದಲ್ಲಿ, ಸಂಗೀತಗಾರರ ತೌರೆನಿಸಿದ ರುದ್ರಪಟ್ಟಣವಿರುವುದು. ಶ್ರೀ ಶಶಾಂಕ್ ಸುಬ್ರಹ್ಮಣ್ಯಂ ಅವರು 1978ರಲ್ಲಿ ಅಲ್ಲಿ ಜನಿಸಿದರು. 1991ರ ಜನವರಿ 1ರಂದು ಮದ್ರಾಸಿನ ಸಂಗೀತ ಅಕಾಡೆಮಿಯು ಹಿರಿಯ ವಿದ್ವಾಂಸರಿಗೆ ಮೀಸಲಾದ ಕಚೇರಿಯ ವೇದಿಕೆಯನ್ನು ಅವರಿಗೆ ಒಪ್ಪಿಸಿತು. ಆಗ ಅವರ ವಯಸ್ಸು 12 ಮಾತ್ರ!

ಎಳೆಯ ವಯಸ್ಸಿನ ಕೀರ್ತಿಯು ಎರಡಲಗಿನ ಕತ್ತಿ. ಚಪ್ಪಾಳೆಯ ಸದ್ದಿಗೆ ಕಿವಿಗೊಟ್ಟ ಬಾಲಕನಿಗೆ ತನ್ನ ಅಪಸ್ವರವು ಕೇಳಿಸದೆ ಹೋಗುವುದುಂಟು. ಶಶಾಂಕರನ್ನು ಕಾಪಾಡಿದುದು ಶಿಷ್ಯಭಾವವೆಂದರೆ ತಪ್ಪಾಗಲಾರದು. ಅವರು ಆಶ್ರಯಿಸಿದ ಗುರುಗಳು ರುದ್ರಪಟ್ಟಣದವರೇ ಆದ ಆರ್. ಕೆ. ಶ್ರೀಕಂಠನ್, ಪಾಲ್ಘಾಟ್ ಕೆ. ವಿ. ನಾರಾಯಣಸ್ವಾಮಿ, ಹಿಂದೂಸ್ತಾನೀ ಪದ್ಧತಿಯ ಪಂಡಿತ ಜಸರಾಜ್. ಈ ಮೂವರೂ ಗಾಯಕರೆಂಬುದು ಗಮನಾರ್ಹ. ಕೊಳಲಿಗೆ ಅಕ್ಷರವಿಲ್ಲ; ಕೃತಿಯ ಪದವನ್ನು ಎಲ್ಲಿ ಒಡೆಯಬಾರದು, ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು ಎಂಬುದನ್ನು ಹಾಡಬಲ್ಲವನಿಂದಲೇ ಕಲಿಯಬೇಕು. ಈ ತಳಹದಿಯ ಮೇಲೆಯೇ ಅವರು, ಒಂದೇ ಕಚೇರಿಯಲ್ಲಿ ಬೇರೆಬೇರೆ ಅಳತೆಯ ಕೊಳಲುಗಳನ್ನು ಬಳಸಿ ಸ್ಥಾಯಿಯನ್ನು ವಿಸ್ತರಿಸುವ ಬೆರಳುಗಾರಿಕೆಯನ್ನು ರೂಪಿಸಿದರು. ಸಂಗೀತ ನಾಟಕ ಅಕಾಡೆಮಿಯ 2017ನೆಯ ಸಾಲಿನ ಪ್ರಶಸ್ತಿಯು ಅವರಿಗೆ ಸಂದಿತು. ತಾವು ಪಡೆದ ವಿದ್ಯೆಯನ್ನು ಶಿಷ್ಯರಿಗೂ ಧಾರೆಯೆರೆದಿರುವರು.

ಮಕ್ಕಳನ್ನು ವೇದಿಕೆಗೆ ಕಳುಹಿಸಲು ಆತುರಪಡುವ ತಾಯ್ತಂದೆಗಳು ಇದನ್ನು ಮನನ ಮಾಡಬೇಕು. ವೇದಿಕೆಯು ಒಂದು ಸಂಜೆಯದು. ಗುರುವಿನ ಸನ್ನಿಧಿಯು ಬಾಳೆಲ್ಲದರದು. ಒಳಗು ಬರಿದಾಗಿರುವವರೆಗೆ ಮಾತ್ರವೇ ಬಿದಿರಿನಲ್ಲಿ ಉಸಿರು ಹರಿದು ನಾದವಾಗುವುದು. ಕಲಿಯುವವನ ಮನಸ್ಸಿಗೂ ಇದೇ ನಿಯಮ.