ಫೇಸ್‌ಬುಕ್ ಎಂಬ ಕಟ್ಟೆ: ಹೊಸಬರಿಗೆ ನಾಲ್ಕು ಮಾತು

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



 

ಕಳೆದ ತಿಂಗಳ ಗೋಷ್ಠಿ ಮುಗಿದ ಮೇಲೆ ಪ್ರಸಾದಕ್ಕೆ ಕೂತಾಗ ಮೂರ್ನಾಲ್ಕು ಜನ ಹಿರಿಯರು ಒಂದೇ ಮಾತು ಕೇಳಿದರು. "ವಾಟ್ಸ್ಯಾಪ್ ಹೇಗೋ ಬಂತು, ಈ ಫೇಸ್‌ಬುಕ್ಕು ತಿಳಿಯವಲ್ಲದು, ಒಂದು ದಿನ ಹೇಳಿಕೊಡ್ರಿ ಸಾಹೇಬ್ರ" ಎಂದು. ಪೂಜ್ಯರು ಅಲ್ಲಿಯೇ ಇದ್ದವರು ನನ್ನ ಕಡೆ ಬೆರಳು ತೋರಿಸಿಬಿಟ್ಟರು. ನಾನು ನೀರಾವರಿ ಇಲಾಖೆಯಲ್ಲಿ ಕಾಲುವೆ ಅಳೆದವನು, ಕಂಪ್ಯೂಟರ್ ಪಂಡಿತನಲ್ಲ. ನಿವೃತ್ತಿಯಾದ ಮೇಲೆ ಕಲಿತೆ, ತಪ್ಪು ಮಾಡುತ್ತ ಕಲಿತೆ. ಆ ತಪ್ಪುಗಳನ್ನೂ ಹೇಳುತ್ತೇನೆ, ಹೇಳದಿದ್ದರೆ ಈ ಉಪನ್ಯಾಸಕ್ಕೆ ಅರ್ಥವಿಲ್ಲ.

ಮೊದಲು ವಾಟ್ಸ್ಯಾಪಿಗೂ ಇದಕ್ಕೂ ಇರುವ ವ್ಯತ್ಯಾಸ. ವಾಟ್ಸ್ಯಾಪ್ ಎಂದರೆ ಒಬ್ಬರ ಮನೆಗೆ ಹೋಗಿ ಚೀಟಿ ಕೊಟ್ಟು ಬಂದ ಹಾಗೆ. ಫೇಸ್‌ಬುಕ್ ಎಂದರೆ ಊರ ಕಟ್ಟೆಯ ಮೇಲೆ ಕೂತು ಮಾತಾಡಿದ ಹಾಗೆ. ಕಟ್ಟೆಯ ಮೇಲೆ ಆಡಿದ ಮಾತು ಹಾದು ಹೋಗುವವರಿಗೂ ಕೇಳುತ್ತದೆ. ಕೇಳಿದವರು ಮುಂದಿನ ಕಟ್ಟೆಗೆ ಒಯ್ಯುತ್ತಾರೆ. ಇದನ್ನು 2004ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಜುಕರ್‌ಬರ್ಗ್ ಎಂಬ ವಿದ್ಯಾರ್ಥಿ ತನ್ನ ಗೆಳೆಯರ ಜೊತೆ ಕಾಲೇಜು ಹುಡುಗರಿಗೆಂದು ಶುರು ಮಾಡಿದ. 2006ರಲ್ಲಿ ಹದಿಮೂರು ವರ್ಷ ದಾಟಿದ ಎಲ್ಲರಿಗೂ ತೆರೆದರು. ನಮಗೆ ದುಡ್ಡು ಕೇಳುವುದಿಲ್ಲ, ಜಾಹೀರಾತಿನಿಂದ ಗಳಿಸುತ್ತಾರೆ. ಈ ಒಂದು ಮಾತು ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಖಾತೆ ತೆರೆಯುವುದು ಹತ್ತು ನಿಮಿಷದ ಕೆಲಸ. ಪ್ಲೇ ಸ್ಟೋರ್‌ನಿಂದ ಆ್ಯಪ್ ಇಳಿಸಿಕೊಂಡು, ಹೆಸರು, ಹುಟ್ಟಿದ ದಿನ, ಮೊಬೈಲ್ ನಂಬರ್ ಕೊಟ್ಟು, ಒಂದು ಪಾಸ್‌ವರ್ಡ್ ಇಡಬೇಕು. ಫೋನಿಗೆ ಬರುವ ಸಂಖ್ಯೆಯನ್ನು ಹಾಕಿದರೆ ಮುಗಿಯಿತು. ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡವೂ ಇದೆ. ಪಾಸ್‌ವರ್ಡ್‌ಗೆ ಮೊಮ್ಮಗನ ಹೆಸರು, ನಿಮ್ಮ ಹುಟ್ಟಿದ ವರ್ಷ ಇಡಬೇಡಿ. ಮನೆಯ ಹುಡುಗರಿಗೆ ಹೇಳಿ ಟೂ ಫ್ಯಾಕ್ಟರ್ ಎಂಬ ಎರಡನೆಯ ಬೀಗವನ್ನೂ ಹಾಕಿಸಿಕೊಳ್ಳಿ. ಕೀಲಿ ಒಂದು ಕಳುವಾದರೂ ಬಾಗಿಲು ತೆರೆಯುವುದಿಲ್ಲ.

ಇಷ್ಟು ಸುಲಭ. ನಾವು ಹಿರಿಯರು ಎಡವುವುದು ಇದರ ನಂತರ.

ನೀವು ಏನಾದರೂ ಬರೆಯಲು ಹೋದಾಗ ನಿಮ್ಮ ಹೆಸರಿನ ಕೆಳಗೆ ಒಂದು ಸಣ್ಣ ಗುರುತು ಕಾಣುತ್ತದೆ. ಅಲ್ಲಿ ಭೂಗೋಳದ ಚಿತ್ರವಿದ್ದರೆ ನಿಮ್ಮ ಮಾತನ್ನು ಜಗತ್ತಿನ ಯಾರು ಬೇಕಾದರೂ ಓದಬಹುದು. ಎರಡು ತಲೆಗಳ ಚಿತ್ರವಿದ್ದರೆ ನಿಮ್ಮ ಸ್ನೇಹಿತರ ಪಟ್ಟಿಯಲ್ಲಿದ್ದವರು ಮಾತ್ರ. ಬೀಗದ ಚಿತ್ರವಿದ್ದರೆ ನೀವೊಬ್ಬರೇ. ಕಾಲುವೆಗೆ ತೂಬು ಇದ್ದ ಹಾಗೆ ಇದು. ತೂಬು ಎಷ್ಟು ಎತ್ತಿದೆ ಎಂದು ನೋಡದೆ ನೀರು ಬಿಡುವ ಇಂಜಿನಿಯರ್ ಯಾರೂ ಇಲ್ಲ. ಆದರೆ ನಾನು ಎಂಟು ತಿಂಗಳು ಆ ಗುರುತನ್ನೇ ನೋಡಿರಲಿಲ್ಲ. ಮಗಳ ಹೊಸ ಮನೆಯ ಗೃಹಪ್ರವೇಶದ ಫೋಟೋ, "ಎಲ್ಲರೂ ಹತ್ತು ದಿನ ಊರಿಗೆ ಹೊರಟಿದ್ದೇವೆ" ಎಂಬ ಸುದ್ದಿ, ಎಲ್ಲ ಭೂಗೋಳಕ್ಕೇ ಹೋಗಿತ್ತು. ಕಳ್ಳರಿಗೆ ಆಮಂತ್ರಣ ಕೊಟ್ಟಂತೆ ಎಂದು ಅಳಿಯ ನಕ್ಕ. ಆಮೇಲೆ ಹಳೆಯದನ್ನೆಲ್ಲ ಕೂತು ಬದಲಿಸಿದೆ. ನಮ್ಮ ದೇಶದವರಿಗೆ 2020ರಿಂದ ಪ್ರೊಫೈಲ್ ಲಾಕ್ ಎಂಬ ಸೌಲಭ್ಯವಿದೆ. ಅದನ್ನು ಹಾಕಿದರೆ ಅಪರಿಚಿತರಿಗೆ ನಿಮ್ಮ ಫೋಟೋ, ಬರಹ ಕಾಣುವುದಿಲ್ಲ. ತಾಯಂದಿರು ಇದನ್ನು ಮೊದಲ ದಿನವೇ ಹಾಕಿಕೊಳ್ಳುವುದು ಒಳ್ಳೆಯದು.

ಇನ್ನು ಮೋಸದ ವಿಷಯ. ನಿಮ್ಮದೇ ಫೋಟೋ, ನಿಮ್ಮದೇ ಹೆಸರು ಹಾಕಿ ಇನ್ಯಾರೋ ಖಾತೆ ತೆರೆದು, ನಿಮ್ಮ ಬಂಧುಗಳಿಗೆ "ಆಸ್ಪತ್ರೆಯಲ್ಲಿದ್ದೇನೆ, ಹತ್ತು ಸಾವಿರ ಕಳಿಸು" ಎಂದು ಬರೆಯುತ್ತಾರೆ. ಸ್ವಾಮಿಗಳ ಫೋಟೋ ಹಾಕಿ ದಾಸೋಹಕ್ಕೆ ದೇಣಿಗೆ ಕೇಳಿದರೂ ಅಷ್ಟೇ, ಮಠಕ್ಕೆ ಫೋನು ಮಾಡಿ ಖಚಿತಪಡಿಸಿಕೊಳ್ಳದೆ ಒಂದು ಪೈಸೆ ಕಳಿಸಬೇಡಿ. ಈಗಾಗಲೇ ಸ್ನೇಹಿತರಾಗಿದ್ದವರಿಂದ ಮತ್ತೊಮ್ಮೆ ಸ್ನೇಹದ ಕೋರಿಕೆ ಬಂದರೆ ಅನುಮಾನ ಪಡಿ. ದುಡ್ಡು ಹೋಗಿಯೇ ಬಿಟ್ಟರೆ ನಾಚಿಕೊಂಡು ಕೂರಬೇಡಿ, ತಕ್ಷಣ 1930ಕ್ಕೆ ಫೋನು ಮಾಡಿ. ತಡ ಮಾಡಿದಷ್ಟೂ ಹಣ ಹಿಂದೆ ಸಿಗುವುದು ಕಷ್ಟ.

ಇಷ್ಟೆಲ್ಲ ಭಯವಿದ್ದರೆ ನಮಗೆ ಯಾಕೆ ಬೇಕು ಎಂದು ಅಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಯಾಕೆ ಬೇಕು ಎಂದರೆ, 2020ರ ಲಾಕ್‌ಡೌನ್ ನೆನಪು ಮಾಡಿಕೊಳ್ಳಿ. ಈ ಗೋಷ್ಠಿ ನಿಂತುಹೋಗಿತ್ತು. ಆಗ ನಮ್ಮ ಹುಡುಗರು ಪೂಜ್ಯರ ಪ್ರವಚನವನ್ನು ಫೋನಿನಲ್ಲೇ ಫೇಸ್‌ಬುಕ್ ಲೈವ್ ಮಾಡಿದರು. ಈ ಸಭಾಭವನಕ್ಕೆ ಎಂದೂ ಬರಲಾಗದಿದ್ದ ತಾಯಂದಿರು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕೇಳಿದರು. ಸೊಲ್ಲಾಪುರದಲ್ಲಿರುವ ನನ್ನ ನಾದಿನಿ ಕೇಳಿದಳು. ಮೊಣಕಾಲು ನೋವಿನಿಂದ ಮನೆ ಬಿಟ್ಟು ಹೊರಬೀಳದ ನನ್ನ ಅಕ್ಕ ಕೇಳಿದಳು. ಆ ಅಕ್ಕನೇ ನನಗೆ ಆಮೇಲೆ ಪಾಠ ಕಲಿಸಿದ್ದು.

ಅಕ್ಕ ಹಳ್ಳಿಯ ಕನ್ನಡ ಶಾಲೆಯಲ್ಲಿ ಮಾಸ್ತರಿಣಿಯಾಗಿದ್ದವಳು. ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟದ ಹದಿನೈದೂ ಸಂಪುಟಗಳು ಅವಳ ಮನೆಯಲ್ಲಿವೆ. ಒಂದು ಬಸವ ಜಯಂತಿಯ ದಿನ ನನಗೆ ಯಾರೋ ಒಂದು ಚಂದದ ಚಿತ್ರ ಕಳಿಸಿದರು. ಬಸವಣ್ಣನವರ ಭಾವಚಿತ್ರ, ಅದರ ಕೆಳಗೆ ಯಶಸ್ಸಿನ ಗುಟ್ಟು ಹೇಳುವ ನಾಲ್ಕು ಸಾಲು, ಕೊನೆಗೆ ಕೂಡಲಸಂಗಮದೇವ ಎಂಬ ಅಂಕಿತ. ನಾನು ಓದಿ ಸಂತೋಷಪಟ್ಟು ಫೇಸ್‌ಬುಕ್ಕಿಗೆ ಹಾಕಿದೆ. ಅರವತ್ತಕ್ಕೂ ಹೆಚ್ಚು ಜನ ಮುಂದೆ ಹಂಚಿದರು. ಸಂಜೆ ಅಕ್ಕನ ಫೋನು ಬಂತು. "ತಮ್ಮಾ, ನೀ ಹಾಕಿದ ವಚನ ಯಾವ ಸಂಪುಟದಾಗ ಐತೆಪಾ? ನನಗ ಸಿಗವಲ್ದು." ನಾನೂ ಹುಡುಕಿದೆ. ಮೊದಲನೆಯ ಸಂಪುಟ ತಿರುವಿ ಹಾಕಿದೆ. ವಚನ ಸಂಚಯ ಎಂಬ ಜಾಲತಾಣದಲ್ಲಿ ಒಂದೊಂದೇ ಪದ ಹಾಕಿ ನೋಡಿದೆ. ಎಲ್ಲೂ ಇಲ್ಲ. ಯಾರೋ ಬರೆದು ಅಣ್ಣನವರ ಹೆಸರು ಹಚ್ಚಿದ್ದರು, ನಾನು ನನ್ನ ಹೆಸರಿನಲ್ಲಿ ಸಾರಿದ್ದೆ.

ಇಲಾಖೆಯಲ್ಲಿ ಮೂವತ್ತು ವರ್ಷ ನಾನು ಮೆಜರ್‌ಮೆಂಟ್ ಬುಕ್ಕಿಗೆ ಸಹಿ ಹಾಕಿದವನು. ಟೇಪು ಹಿಡಿದು ಚೆಕ್ ಮಾಡದೆ ಸಹಿ ಹಾಕಿದರೆ ನೌಕರಿಗೇ ಕುತ್ತು. ಶೇರ್ ಗುಂಡಿ ಒತ್ತುವುದೂ ಒಂದು ಸಹಿಯೇ ಎಂದು ನನಗೆ ಹೊಳೆದಿರಲಿಲ್ಲ. ಫ.ಗು. ಹಳಕಟ್ಟಿಯವರು ವಕೀಲಿ ಬದಿಗಿಟ್ಟು ಮನೆಮನೆಯ ತಾಡೋಲೆ ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರ ಸಾರ ಹೊರತಂದರು, 1926ರಲ್ಲಿ ಶಿವಾನುಭವ ಪತ್ರಿಕೆ ನಡೆಸಲು ತೊಡಗಿದರು. ಅವರು ಅಷ್ಟು ಕಷ್ಟಪಟ್ಟು ಉಳಿಸಿಕೊಟ್ಟದ್ದರೊಳಗೆ ನಾನು ಒಂದು ಬೆರಳಿನಿಂದ ಕಲಬೆರಕೆ ಮಾಡಿದ್ದೆ. ಮರುದಿನ ತಪ್ಪಾಯಿತು ಎಂದು ಬರೆದು ಹಾಕಿದೆ. ಅದನ್ನು ಹಂಚಿದವರು ಇಬ್ಬರು.

ಆದ್ದರಿಂದ ವಚನ ಹಾಕುವಾಗ ಸಂಪುಟ, ವಚನದ ಸಂಖ್ಯೆ ಎರಡನ್ನೂ ಬರೆಯಿರಿ. ಸಂಖ್ಯೆ ಸಿಗದಿದ್ದರೆ ಹಾಕಬೇಡಿ. ಇನ್ನೊಂದು ಸಣ್ಣ ತಾಂತ್ರಿಕ ವಿಷಯ, ಪತ್ರಿಕೆಗೆ ಬರೆಯುವವರಿಗೆ ಬೇಕಾದೀತು. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಟೈಪು ಮಾಡಿಸಿದ್ದನ್ನು ಹಾಗೆಯೇ ತಂದು ಅಂಟಿಸಿದರೆ ಫೇಸ್‌ಬುಕ್ಕಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬೀಳುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಟೈಪು ಬಾರದವರು ಕೀಲಿಮಣೆಯ ಮೈಕ್ ಚಿತ್ರ ಒತ್ತಿ ಕನ್ನಡದಲ್ಲೇ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಆದರೆ ಹಾಕುವ ಮುಂಚೆ ಓದಿ ನೋಡಿ, ಅದು ಲಿಂಗವನ್ನೂ ಲವಂಗ ಮಾಡಬಲ್ಲದು.

ಈಗ ಹೇಳಲು ಕಷ್ಟವಾಗುವ ಮಾತು.

2017, 18ರಲ್ಲಿ ಪ್ರತ್ಯೇಕ ಧರ್ಮದ ಮಾನ್ಯತೆಯ ಹೋರಾಟ ಜೋರಾಗಿತ್ತು. ಬೀದರಿನ ಸಮಾವೇಶಕ್ಕೆ ನಮ್ಮಲ್ಲಿ ಅನೇಕರು ಹೋಗಿದ್ದೆವು. ನನ್ನ ಜೊತೆ ಒಂದೇ ಉಪವಿಭಾಗದಲ್ಲಿ ದುಡಿದ ಒಬ್ಬ ಗೆಳೆಯ, ವೀರಶೈವ ಲಿಂಗಾಯತ ಒಂದೇ ಎಂದು ಫೇಸ್‌ಬುಕ್ಕಿನಲ್ಲಿ ಬರೆದ. ನಾನು ಕೆಳಗೆ ಕಾಮೆಂಟ್ ಹಾಕಿದೆ: ದಿನಕ್ಕೆರಡು ಸಲ ಪೂಜೆ ಮಾಡಿದರೆ ಆಗಲಿಲ್ಲ, ಸ್ವಲ್ಪ ಓದಲೂ ಬೇಕು ಎಂದು. ನಲವತ್ತಕ್ಕೂ ಹೆಚ್ಚು ಜನ ಅದಕ್ಕೆ ಹೆಬ್ಬೆರಳು ಒತ್ತಿದರು. ನನಗೆ ಹುರುಪು ಬಂತು, ಇನ್ನೆರಡು ಬರೆದೆ. ಅವನು ಉತ್ತರ ಕೊಡಲಿಲ್ಲ. ಅವನ ಮಗಳ ಮದುವೆಯ ಕರೆಯೋಲೆಯೂ ಬರಲಿಲ್ಲ. ಆ ಹುಡುಗಿ ನನ್ನ ತೊಡೆಯ ಮೇಲೆ ಆಡಿದವಳು.

ಫೇಸ್‌ಬುಕ್ ನಮಗೆ ಯಾವುದನ್ನು ತೋರಿಸುತ್ತದೆ ಗೊತ್ತೇ? ನಾವು ಯಾವುದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೇವೋ, ಯಾವುದಕ್ಕೆ ಉತ್ತರಿಸುತ್ತೇವೋ ಅಂಥದ್ದನ್ನೇ ಮತ್ತೆ ಮತ್ತೆ ತರುತ್ತದೆ. ನಾವು ಹೆಚ್ಚು ಹೊತ್ತು ಕೂತಷ್ಟೂ ಅವರ ಜಾಹೀರಾತು ನಡೆಯುತ್ತದೆ. ಆ ದಿನಗಳಲ್ಲಿ ನಾನು ಜಗಳ ಓದಿದೆ, ಅದು ಜಗಳವನ್ನೇ ತಂದು ಸುರಿಯಿತು. ಇಡೀ ಸಮಾಜ ಎರಡು ಪಾಲಾಗಿ ಬೀದಿಗಿಳಿದಿದೆ ಎಂದು ನಾನು ನಂಬಿದ್ದೆ. ಹೊರಗೆ ಬಂದು ನೋಡಿದರೆ ಅದೇ ಸಂತೆ, ಅದೇ ಮಠ, ಅದೇ ಜನ.

ಆ ಕಾಮೆಂಟಿನ ಮೇಲೆ ಬೆರಳು ಒತ್ತಿ ಹಿಡಿದರೆ ಅಳಿಸುವ ಆಯ್ಕೆ ಬರುತ್ತದೆ. ಅಳಿಸಿದೆ. ಓದಿದವರ ಮನಸ್ಸಿನಿಂದ ಹೋಗುವುದಿಲ್ಲ, ಫೋಟೋ ತೆಗೆದಿಟ್ಟುಕೊಂಡವರ ಫೋನಿನಿಂದಲೂ ಹೋಗುವುದಿಲ್ಲ. ಒಂದೂವರೆ ವರ್ಷದ ಮೇಲೆ ಅವನ ಮನೆಗೇ ಹೋದೆ. ಅವನ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಅವನು ಅಂದದ್ದು ಇಷ್ಟು: "ಇದ ಮಾತು ಅವತ್ತ ಮನೀಗೆ ಬಂದು ಅಂದಿದ್ರ ನಾ ಜಗಳಾ ಆಡತಿದ್ದೆ, ಊಟಾನೂ ಹಾಕತಿದ್ದೆ." ಈಗ ಮಾತುಕತೆ ಇದೆ. ಅವನ ಅಭಿಪ್ರಾಯ ಬದಲಾಗಿಲ್ಲ, ನನ್ನದೂ ಬದಲಾಗಿಲ್ಲ. ಫೇಸ್‌ಬುಕ್ಕಿನಲ್ಲಿ ಮಾತ್ರ ಅವನು ನನ್ನ ಸ್ನೇಹಿತರ ಪಟ್ಟಿಯಲ್ಲಿ ಇಂದಿಗೂ ಇಲ್ಲ.

ತತ್ವದ ಚರ್ಚೆ ಬೇಡವೆಂದು ನಾನು ಹೇಳುತ್ತಿಲ್ಲ. ಅನುಭವ ಮಂಟಪ ನಮ್ಮದು. ಅಲ್ಲಿ ಪ್ರಶ್ನೆ ಕೇಳಿದವರು ಎದುರಿಗೆ ಕೂತಿದ್ದರು. ಇಲ್ಲಿ ಎದುರಿನವರ ಮುಖ ಕಾಣುವುದಿಲ್ಲ. ನಾನೀಗ ಒಂದು ಕ್ರಮ ಇಟ್ಟುಕೊಂಡಿದ್ದೇನೆ: ಸಿಟ್ಟು ಬಂದಾಗ ಬರೆದದ್ದನ್ನು ಬೀಗದ ಗುರುತಿಟ್ಟು ಉಳಿಸಿ, ಮರುದಿನ ಪೂಜೆ ಆದ ಮೇಲೆ ಓದುತ್ತೇನೆ. ಹತ್ತರಲ್ಲಿ ಎಂಟು ಅಲ್ಲಿಯೇ ಬೀಗದೊಳಗೆ ಉಳಿದಿವೆ.

ಸಮಯ ಆಯಿತು ಎಂದು ನಿರೂಪಕರು ಚೀಟಿ ಕೊಟ್ಟಿದ್ದಾರೆ. ಪ್ರಸಾದದ ನಂತರ ನಮ್ಮ ಮಠದ ಹುಡುಗರು ನಾಲ್ವರು ದಾಸೋಹ ಭವನದಲ್ಲಿ ಕೂರುತ್ತಾರೆ. ಖಾತೆ ಬೇಕಾದವರು ಅವರ ಬಳಿ ಹೋಗಿ. ಪಾಸ್‌ವರ್ಡ್ ಮಾತ್ರ ನೀವೇ ಒತ್ತಿ, ಅವರಿಗೂ ಹೇಳಬೇಡಿ, ನನಗೂ ಹೇಳಬೇಡಿ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರು ಮುಂದಿನ ತಿಂಗಳು ಬರಬಹುದು.