ಸಂಕವ್ವೆಯ ಒತ್ತೆ



ಒಲಿದವರ ಮೈಮನಗಳು ಒಂದಾಗುವುದನ್ನು ಹಾಡದ ಕವಿಯಿಲ್ಲ. ಆದರೆ ಮನಸ್ಸು ದೂರವೇ ಉಳಿದು ಮೈ ಮಾತ್ರ ಕೂಡುವುದೂ ಲೋಕದಲ್ಲಿ ಉಂಟಷ್ಟೆ. ಅದನ್ನು ಕಾವ್ಯ ಹೇಗೆ ಕಂಡಿದೆ? ಮಠದಲ್ಲಿ ಆಡುವ ಮಾತೇ ಇದು ಎಂದು ಕೆಲವರಿಗೆ ಸಂಕೋಚವಾಗಬಹುದು. ಶರಣರಿಗಿಲ್ಲದ ಸಂಕೋಚ ನಮಗೇಕೆ?

ನಮ್ಮ ಚಂಪೂಕವಿಗಳಿಗೆ ಸೂಳೆಗೇರಿಯ ವರ್ಣನೆ ಒಂದು ರೂಢಿ. ಕಣ್ಣು, ನಡು, ನಡಿಗೆ, ಒಡವೆ ಎಲ್ಲವೂ ಅಲ್ಲಿ ಬರುತ್ತವೆ; ಆ ಹೆಣ್ಣಿನ ಮನಸ್ಸನ್ನು ಕೇಳಿದವರು ವಿರಳ. ಜನ್ನ 1209ರ ತನ್ನ ‘ಯಶೋಧರ ಚರಿತೆ’ಯಲ್ಲಿ ಇನ್ನೊಂದು ಮಗ್ಗುಲನ್ನು ಕಂಡ. ರಾಣಿ ಅಮೃತಮತಿ ಮಾವುತನ ಹಾಡಿಗೆ ಸೋತು ಅವನ ಬಳಿ ಹೋಗುತ್ತಾಳೆ, ಮರಳಿ ಬಂದು ಅರಸನ ಪಕ್ಕದಲ್ಲಿ ಮಲಗುತ್ತಾಳೆ. ಮೈ ಮಂಚದ ಮೇಲೆ, ಮನಸ್ಸು ಆನೆಲಾಯದಲ್ಲಿ! ಮದುವೆಯ ಮಂಚವೂ ಬರಿಯ ಮೈಯ ಮಂಚವಾಗಬಲ್ಲುದು ಎಂಬುದನ್ನು ಗೃಹಸ್ಥರಾದ ತಾವು ನಮಗಿಂತ ಚೆನ್ನಾಗಿ ಬಲ್ಲಿರಿ.

ಇವರೆಲ್ಲ ಹೊರಗೆ ನಿಂತು ನೋಡಿದವರು. ಒಳಗಿನಿಂದಲೇ ಮಾತನಾಡಿದವಳು ಹನ್ನೆರಡನೆಯ ಶತಮಾನದ ಸೂಳೆ ಸಂಕವ್ವೆ. ನಮಗೆ ದೊರೆತಿರುವುದು ಆಕೆಯ ಒಂದೇ ವಚನ, ಅಂಕಿತ ನಿರ್ಲಜ್ಜೇಶ್ವರ. ಅದರಲ್ಲಿ ಶೃಂಗಾರವಿಲ್ಲ, ಗೋಳಾಟವೂ ಇಲ್ಲ. ಇರುವುದು ಒತ್ತೆಯ ಮಾತು, ಎಂದರೆ ಹಿಡಿದ ಹಣದ ಮಾತು. ಒಬ್ಬನ ಹಣ ಪಡೆದ ಮೇಲೆ ಮತ್ತೊಬ್ಬನದನ್ನು ಮುಟ್ಟಬಾರದೆಂಬ ಕಸುಬಿನ ಕಟ್ಟು, ತಪ್ಪಿದರೆ ಒದಗುವ ಘೋರವಾದ ಶಿಕ್ಷೆ, ವ್ರತಹೀನರನ್ನು ಕೂಡೆನೆಂಬ ಆಣೆ, ಇಷ್ಟೇ.

ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದು ಕರೆದಳು. ಸಂಕವ್ವೆ ಈ ವಚನದಲ್ಲಿ ಹಾಗೆ ಕರೆಯುವುದಿಲ್ಲ. ಗಂಡ, ಮನೆ, ಒಲವು ಎಂಬ ಮಾತುಗಳನ್ನು ಆಕೆ ಎರವಲು ತರಲಿಲ್ಲ. ತನ್ನ ಕೈಯಲ್ಲಿದ್ದುದು ಒತ್ತೆಯೊಂದೇ, ಅದನ್ನೇ ದೇವರ ಮುಂದಿಟ್ಟಳು. ಪ್ರೀತಿಯ ಸೋಂಕೇ ಇಲ್ಲದ ವ್ಯವಹಾರದಿಂದ ನಿಷ್ಠೆಯನ್ನು ಹೆಕ್ಕಿ ತೆಗೆದಳಲ್ಲ, ಇದು ಸಾಮಾನ್ಯವೇ? ಹಣ ಕೊಟ್ಟವನಿಗೆ ಸಿಕ್ಕುತ್ತಿದ್ದುದು ಮೈ. ಮನಸ್ಸು ಮಾರಾಟಕ್ಕಿರಲಿಲ್ಲ, ಅದು ನಿರ್ಲಜ್ಜೇಶ್ವರನಿಗೆ ಮೀಸಲಾಗಿ ಉಳಿದಿತ್ತು ಎಂದು ನಾವು ತಿಳಿಯುತ್ತೇವೆ.

ಆಕೆಯ ಹೆಸರಿನ ಮೊದಲ ಪದವನ್ನು ಬಿಟ್ಟು ಹೇಳಿದರಾಗದೇ ಎಂದು ಕೆಲವರು ಕೇಳುವುದುಂಟು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಎನ್ನುವಾಗ ನಾಲಿಗೆ ತಡವರಿಸುವುದಿಲ್ಲ. ಇಲ್ಲಿ ತಡವರಿಸುತ್ತದೆ. ಆ ಕಸುಬನ್ನು ನಾವು ಹೊಗಳುತ್ತಿಲ್ಲ. ಹೆಣ್ಣನ್ನು ಅದಕ್ಕೆ ನೂಕುವ ಬಡತನವನ್ನೂ, ಹಣ ಹಿಡಿದು ಹೋಗುವ ಗಂಡಸನ್ನೂ ಬಿಟ್ಟು ಅವಳೊಬ್ಬಳ ಹೆಸರಿಗೆ ನಾಚುವುದು ಯಾವ ನ್ಯಾಯ?

ನಮ್ಮ ಮೈಸೂರಿನಲ್ಲಿಯೇ ಲೈಂಗಿಕ ವೃತ್ತಿಯ ಜನ ಒಗ್ಗೂಡಿ ಕಟ್ಟಿಕೊಂಡ ಆಶೋದಯ ಸಮಿತಿಯಿದೆ. ಅವರೂ ಇದೇ ಊರಿನ ತಾಯಂದಿರು, ಮಕ್ಕಳನ್ನು ಶಾಲೆಗೆ ಕಳಿಸುವವರು. ಅವರಲ್ಲೊಬ್ಬಳು ಮಠಕ್ಕೆ ಬಂದು ಪ್ರಸಾದದ ಪಂಕ್ತಿಯಲ್ಲಿ ಕುಳಿತಾಗ ಪಕ್ಕದವರು ಎದ್ದು ಹೋಗಬಾರದು. ಯಾರಾದರೂ ಎದ್ದರೆ, ಆ ಎಲೆಯ ಮುಂದೆ ನಾವೇ ಬಂದು ಕುಳಿತುಕೊಳ್ಳುತ್ತೇವೆ.