ಹಸ್ತದ ಮಳೆ ಮತ್ತು ಮಣ್ಣಿನ ಮಾಳಿಗೆ

(ರೋಣ ಸೀಮೆಯ ಸವಡಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಘಟ್ಟದ ಸೀಮೆಯಲ್ಲಿ ಮಳೆಗಾಲವೆಂಬುದು ಹೇಳಿ ಕಳಿಸಿ ಬರುವ ನೆಂಟ. ಮೇ ತಿಂಗಳು ಮುಗಿಯುವುದರೊಳಗೆ ಅಲ್ಲಿ ಹೆಂಚು ಕೈಯಾಡಿಸಿ ಆಗಿರುತ್ತದೆ. ಒಡೆದ ಕಟ್ಟಿಗೆ ಕೊಟ್ಟಿಗೆಯ ಅಟ್ಟ ಸೇರಿರುತ್ತದೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳು ಡಬ್ಬ ಭರಣಿಗಳನ್ನು ತುಂಬಿರುತ್ತವೆ. ಜಗಲಿಗೆ ಇರಚಲು ಹೊಡೆಯದಂತೆ ಸೋಗೆಯ ತಟ್ಟಿ ಕಟ್ಟಿರುತ್ತಾರೆ. ಮೂರು ತಿಂಗಳ ಬಿಡದ ಮಳೆಯನ್ನು ಮನೆಯೊಳಗಿದ್ದು ಕಳೆಯುವುದು ಮಲೆನಾಡಿಗರಿಗೆ ತಲೆಮಾರುಗಳಿಂದ ಬಂದ ಅಭ್ಯಾಸ. ಹಿಮ ಬೀಳುವ ದೇಶಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಕೂಡ ಹಿಮಗಾಳಿಯ ಮುನ್ಸೂಚನೆ ಬಂದೊಡನೆ ಮೂರು ದಿನದ ನೀರು, ಆಹಾರ, ಔಷಧ, ಬೆಳಕು ಕೂಡಿಟ್ಟುಕೊಂಡು ಬಾಗಿಲು ಹಾಕಿಕೊಳ್ಳುವುದನ್ನು ಕಲಿತಿವೆ.

ಎರೆನಾಡಿನ ಮಾತು ಬೇರೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಮಳೆಗಾಗಿ ಕಾಯುವುದೇ ಬದುಕು. ಮಳೆಯಿಂದ ಕಾಪಾಡಿಕೊಳ್ಳಬೇಕೆಂಬ ಯೋಚನೆ ಸುಲಭವಾಗಿ ಹುಟ್ಟುವುದಿಲ್ಲ. ಬಿಸಿಲಿಗೆ ತಂಪಾಗಿ, ಚಳಿಗೆ ಬೆಚ್ಚಗೆ ಇರಲೆಂದು ಹಿರಿಯರು ಇಲ್ಲಿ ದಪ್ಪ ಗೋಡೆ ಎಬ್ಬಿಸಿ, ತೊಲೆ ಜಂತಿಗಳ ಮೇಲೆ ಮಣ್ಣು ಹೇರಿ ಮಾಳಿಗೆ ಮನೆ ಕಟ್ಟಿದರು. ಬೇಸಿಗೆಯಲ್ಲಿ ಈ ಮನೆಗೆ ಸಾಟಿಯಾದುದು ಇನ್ನೂ ಬಂದಿಲ್ಲ. ಅದರ ಪರೀಕ್ಷೆ ನಡೆಯುವುದು ಹತ್ತು ಹದಿನೈದು ವರ್ಷಗಳಿಗೊಮ್ಮೆ, ಮೂರು ನಾಲ್ಕು ದಿನಗಳ ಮಟ್ಟಿಗೆ.

ಅಂಥ ಪರೀಕ್ಷೆ 2009ರಲ್ಲಿ ಬಂತು. ಆ ವರ್ಷ ದೇಶದ ಮುಂಗಾರು ಸರಾಸರಿಗಿಂತ ಶೇ. 22ರಷ್ಟು ಕಡಿಮೆಯಾಗಿತ್ತು. ಉತ್ತರ ಕರ್ನಾಟಕದ ಹಲವು ತಾಲ್ಲೂಕುಗಳು ಬರದ ಪಟ್ಟಿ ಸೇರಿದ್ದವು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಹಸ್ತ ಮಳೆ ಹುಟ್ಟುತ್ತಿದ್ದಂತೆಯೇ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಒಳನಾಡಿನ ಮೇಲೆ ಬಂದು ನಿಂತಿತು. ಅಕ್ಟೋಬರ್ ಮೊದಲ ದಿನಗಳವರೆಗೆ ಹಗಲು ರಾತ್ರಿ ಸುರಿಯಿತು. ಅಕ್ಟೋಬರ್ 2ರಂದು ಮಂತ್ರಾಲಯವೂ ಕರ್ನೂಲು ನಗರವೂ ನೀರಿನಲ್ಲಿ ಮುಳುಗಿದವು. ಅದೇ ದಿನ ಕಾರವಾರದ ಬಳಿಯ ಕಡವಾಡದಲ್ಲಿ ಗುಡ್ಡ ಜರಿದು 19 ಜನ ಮಣ್ಣುಪಾಲಾದರು. ರಾಜ್ಯದಲ್ಲಿ ಒಟ್ಟು ಇನ್ನೂರಕ್ಕೂ ಹೆಚ್ಚು ಜೀವಗಳು ಹೋದವು.

ಆ ದುರಂತದ ನೆನಪಿನಲ್ಲಿ ಉಳಿದಿರುವುದು ಹೆಚ್ಚಾಗಿ ಹೊಳೆಯ ಚಿತ್ರ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ಮೆಣಸಗಿಯ ಬಳಿ ಅದನ್ನು ಕೂಡುವ ಬೆಣ್ಣೆಹಳ್ಳ, ನಡುಗಡ್ಡೆಯಾದ ಊರುಗಳು, ದೋಣಿಯಲ್ಲಿ ಹೊರಬಂದ ಮುದುಕರು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಕೊಣ್ಣೂರು, ಲಖಮಾಪುರ, ಹೊಳೆಆಲೂರಿನ ಕಡೆ ಮತ್ತೆ ನುಗ್ಗಿದಾಗಲೂ ಎಲ್ಲರ ಕಣ್ಣು ಹೊಳೆಯ ಮೇಲೆಯೇ ಇತ್ತು. ಆದರೆ ಹೊಳೆಯಿಂದ ದೂರವಿರುವ ಊರುಗಳಲ್ಲಿಯೂ ಮನೆಗಳು ಬಿದ್ದವು. ಅಲ್ಲಿಗೆ ಪ್ರವಾಹ ಬಂದಿರಲಿಲ್ಲ. ಮಳೆ ಬಂದಿತ್ತು, ಅಷ್ಟೇ. ಜನ ಸತ್ತದ್ದು ಹೊರಗಲ್ಲ, ಮನೆಯೊಳಗೆ, ಹಲವೆಡೆ ರಾತ್ರಿಯ ನಿದ್ದೆಯಲ್ಲಿ. ಹೊಳೆಯ ನೆರೆಗೆ ಗಡಿಯುಂಟು, ದಂಡೆಯುಂಟು, ಎಚ್ಚರಿಕೆಯ ಡಂಗುರವುಂಟು. ತಲೆಯ ಮೇಲೆ ನೆನೆಯುತ್ತಿರುವ ಮಣ್ಣಿಗೆ ಇವು ಯಾವುವೂ ಇಲ್ಲ.

ಹೀಗೇಕೆ ಆಗುತ್ತದೆ ಎಂಬುದನ್ನು ತುಸು ಬಿಡಿಸಿ ನೋಡಬೇಕು. ಮಾಳಿಗೆಯ ಮೇಲ್ಮುದ್ದೆಗೆ ಕೊನೆಯ ಪದರವಾಗಿ ಹಾಕುವುದು ಸವಳು ಮಣ್ಣು. ಈ ಮಣ್ಣಿನಲ್ಲಿ ಸೋಡಿಯಂ ಲವಣ ಹೆಚ್ಚು. ನೀರು ತಾಗಿದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ, ಉಬ್ಬಿ, ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗಗೊಡದೆ ಬೆಳೆ ಕೊಲ್ಲುವ ಗುಣವೇ ಮಾಳಿಗೆಯ ಮೇಲೆ ಮನೆ ಕಾಯುವ ಗುಣವಾಗುತ್ತದೆ. (ಕಾಲುವೆ ನೀರು ಬಂದ ಮೇಲೆ ಮಲಪ್ರಭೆಯ ಅಚ್ಚುಕಟ್ಟಿನಲ್ಲಿ ಸವಳು-ಜವಳು ಹೆಚ್ಚಿತೆಂದು ರೈತರು ಗೋಳಿಡುತ್ತಾರೆ, ಆದರೆ ಮನೆಗೆ ಹಾಕಲು ಒಳ್ಳೆಯ ಸವಳು ಸಿಗುವುದಿಲ್ಲವೆಂಬ ದೂರೂ ಅದೇ ಬಾಯಿಂದ ಬರುತ್ತದೆ. ಹಿಂದೆ ಊರ ಮುಂದಿನ ಬಯಲಿನಿಂದ ತರುತ್ತಿದ್ದ ಮಣ್ಣಿನ ಜಾಗಗಳು ಇಂದು ಯಾರದೋ ಹೊಲ, ಯಾರದೋ ನಿವೇಶನ.) ಗುಡುಗಿನೊಡನೆ ಬಂದು ಅರ್ಧ ಗಂಟೆ ಹೊಡೆದು ಹೋಗುವ ಮಳೆಗೆ ಈ ವ್ಯವಸ್ಥೆ ಸಾಕು. ಮೇಲಿನ ಪದರ ಮುಚ್ಚಿಕೊಳ್ಳುತ್ತದೆ, ನೀರು ಇಳಿಜಾರು ಹಿಡಿದು ನಾಳದಿಂದ ಹೊರಬೀಳುತ್ತದೆ, ಮರುದಿನದ ಬಿಸಿಲು ಉಳಿದುದನ್ನು ಒಣಗಿಸುತ್ತದೆ. ಮೂರು ದಿನ ಬಿಡದೆ ಸುರಿಯುವ ಜಡಿಮಳೆಯಲ್ಲಿ ಒಣಗುವ ಸರದಿ ಬರುವುದೇ ಇಲ್ಲ.

ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೋಣೆಯ ಲೆಕ್ಕ ಹಿಡಿಯೋಣ. ಮೇಲೆ ಒಂದಡಿ ಮಣ್ಣಿದ್ದರೆ ಅದರ ಒಣ ತೂಕವೇ ನಾಲ್ಕು ಟನ್ನಿನಷ್ಟು. ನೂರು ಮಿಲಿಮೀಟರ್ ಮಳೆಯೆಂದರೆ ಆ ಮಾಳಿಗೆಯ ಮೇಲೆ ಬೀಳುವ ನೀರು ಒಂಬೈನೂರು ಲೀಟರಿಗೂ ಹೆಚ್ಚು. ಅದರಲ್ಲಿ ಮಣ್ಣು ಹೀರಿಕೊಳ್ಳುವುದು ಆರುನೂರು ಲೀಟರೆಂದರೂ, ಕ್ವಿಂಟಲ್ ತೂಕದ ಆರು ಜೋಳದ ಚೀಲಗಳನ್ನು ತಂದು ಮಲಗಿದವರ ತಲೆಯ ಮೇಲೆ ಹೇರಿದಂತಾಯಿತು. ಇದು ಒಂದಡಿಯ ಲೆಕ್ಕ. ಸೋರಿದಾಗಲೆಲ್ಲ ಹಳೆಯ ಮಣ್ಣು ತೆಗೆಯದೆ ಹೊಸ ಮಣ್ಣು ಹಾಕುತ್ತ ಹೋದ ಮನೆಗಳಲ್ಲಿ ಮೇಲ್ಮುದ್ದೆ ಎರಡಡಿಗೂ ಏರಿರುವುದುಂಟು. ಒಂದಂಗುಲ ಹೆಚ್ಚಾದರೆ ಮುನ್ನೂರೈವತ್ತು ಕಿಲೋ ಹೆಚ್ಚಾದಂತೆ. ಸೋರುವುದನ್ನು ನಿಲ್ಲಿಸಲು ಮಾಡಿದ ಕೆಲಸವೇ ಬೀಳುವುದಕ್ಕೆ ದಾರಿ ಮಾಡಿಕೊಡುತ್ತದೆ. ಕೆಳಗೆ ಜಂತಿಯ ತುದಿ ಗೋಡೆಯೊಳಗೆ ಹುಗಿದ ಜಾಗದಲ್ಲಿ ಗೆದ್ದಲು ತನ್ನ ಕೆಲಸ ಮಾಡಿರುತ್ತದೆ, ಅದು ಹೊರಗಿನಿಂದ ಕಾಣುವುದಿಲ್ಲ.

ಅಮೆರಿಕದ ಬಫಲೋ ನಗರದ ಸುತ್ತ 2014ರ ನವೆಂಬರ್‌ನಲ್ಲಿ ಕೆಲವೆಡೆ ಐದಡಿಗೂ ಮೀರಿ ಹಿಮ ಬಿದ್ದಾಗ ಅಲ್ಲಿನವರು ಹೆದರಿದ್ದು ಇದೇ ಲೆಕ್ಕಕ್ಕೆ. ಹಿಮದ ಹಿಂದೆಯೇ ಮಳೆ ಬಂದು, ಹಿಮ ನೀರು ಕುಡಿದು ಭಾರವಾಗಿ, ಚಾವಣಿಗಳು ಕುಸಿದವು. ಚಾವಣಿಯ ಮೇಲಿನ ಹಿಮವನ್ನು ಕಾಲಕಾಲಕ್ಕೆ ಕೆಳಗೆಳೆಯುವುದು ಅಲ್ಲಿ ಮನೆವಾರ್ತೆಯ ಭಾಗ. ಇಲ್ಲಿಯೂ ಮಾಳಿಗೆ ಹತ್ತುವುದು ಮನೆವಾರ್ತೆಯೇ ಆಗಿತ್ತು. ಅದು ಕೈಬಿಟ್ಟುಹೋಗಿದೆ.

ಕೈಬಿಟ್ಟುಹೋದ ಕೆಲಸ ಯಾವುದೆಂಬುದನ್ನು ಈಗ ನೋಡೋಣ. ರೋಹಿಣಿ ಮಳೆಗೆ ಮುನ್ನ ಮಾಳಿಗೆಯ ಮೇಲಿನ ಹುಲ್ಲು ಕಿತ್ತು, ಹೊಸ ಸವಳು ಹರಡಿ, ಬಡಿದು, ಬೆಳಕಿಂಡಿಯ ಸುತ್ತ ಕಟ್ಟೆ ಗಟ್ಟಿಮಾಡುವ ರೂಢಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ಆದರೆ ಮನೆ ಕೆಡವುವ ಮಳೆ ರೋಹಿಣಿಯದಲ್ಲ. ಈ ಸೀಮೆಗೆ ದೊಡ್ಡ ಮಳೆ ಬರುವುದು ಹೆಚ್ಚಾಗಿ ಉತ್ತರೆ, ಹಸ್ತಗಳಲ್ಲಿ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗೆ. ಹಿಂಗಾರಿ ಜೋಳಕ್ಕೆ ಹದ ಕೊಡುವ ಮಳೆಯೂ ಅದೇ ಆದ್ದರಿಂದ ಆ ಹೊತ್ತಿಗೆ ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ. ಮೇ ತಿಂಗಳಲ್ಲಿ ಹಾಕಿದ ಸವಳು ಆಷಾಢ ಶ್ರಾವಣದ ಒಣಗಾಳಿಗೆ ಬಿರುಕು ಬಿಟ್ಟಿರುತ್ತದೆ. ಹುಲ್ಲು ಬೇರಿಳಿಸಿರುತ್ತದೆ. ಇಲಿ ಹೆಗ್ಗಣಗಳು ಬಿಲ ತೋಡಿರುತ್ತವೆ. 2009ರಂತೆ ಮುಂಗಾರು ಕೈಕೊಟ್ಟ ವರ್ಷದಲ್ಲಂತೂ ಮಾಳಿಗೆಯ ಬಿರುಕು ಹೊಲದ ಬಿರುಕಿನಷ್ಟೇ ಆಳ. ಬರದ ವರ್ಷದ ಮಾಳಿಗೆಯೇ ಅತಿವೃಷ್ಟಿಗೆ ಬೇಗ ಬಲಿಯಾಗುವುದು. ಆದುದರಿಂದ ಮಾಳಿಗೆಗೆ ವರ್ಷಕ್ಕೆ ಎರಡು ಸಲ ಕೈಹಚ್ಚಬೇಕು. ಎರಡನೆಯದು ಹುಬ್ಬೆ ಮಳೆಯ ಬಿಡುವಿನಲ್ಲಿ. ಹುಲ್ಲನ್ನು ಬೇರುಸಹಿತ ತೆಗೆದು, ಬಿಲ ಬಿರುಕುಗಳಿಗೆ ಹಸಿ ಸವಳು ತುಂಬಿ ಬಡಿದು, ನಾಳದ ಬಾಯಿ ಬಿಡಿಸಿದರೆ ಒಂದು ಮನೆಗೆ ಒಂದು ದಿನದ ಕೆಲಸ. ಒಂದಡಿಗೆ ಮೀರಿದ ಹಳೆಯ ಮಣ್ಣನ್ನು ಕೆಳಗಿಳಿಸುವುದು ದೊಡ್ಡ ಕೆಲಸ, ಅದಕ್ಕೆ ಬೇಸಿಗೆಯೇ ಸರಿ. ಕುಂಬಿಯ ಮಗ್ಗುಲಲ್ಲಿ ನೀರು ನಿಲ್ಲುವ ತಗ್ಗಿದ್ದರೆ ಕೆಳಗಿನ ಗೋಡೆ ಒಳಗಿಂದೊಳಗೆ ನೆನೆಯುತ್ತಿದೆ ಎಂದೇ ತಿಳಿಯಬೇಕು.

ಇತ್ತೀಚಿನ ರೂಢಿಯೆಂದರೆ ಪ್ಲಾಸ್ಟಿಕ್ ತಾಡಪಾಲು. ಮಳೆಯ ನಡುವೆ ತುರ್ತಿಗೆ ಅದು ಒಳ್ಳೆಯದೇ. ಆದರೆ ಮಳೆಗಾಲವಿಡೀ ಹೊದಿಸಿಟ್ಟರೆ ಅಡಿಯಲ್ಲಿ ಇಲಿ ನೆಲೆಸುತ್ತದೆ, ಕೆಳಗಿನ ತೇವ ಆರುವುದಿಲ್ಲ, ಹರಿದ ಒಂದು ತೂತಿನಿಂದ ಇಳಿದ ನೀರು ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಹಳೆಯ ಮಣ್ಣಿನ ಗೋಡೆಯ ಮೇಲೆ ಕಾಂಕ್ರೀಟ್ ಹಾಸು ಹೊರಿಸುವವರೂ ಉಂಟು. ಅದರ ಅಪಾಯ ಬೇರೆ ಹೇಳಬೇಕಿಲ್ಲ.

ಮನೆಯೊಳಗಿನ ಸಿದ್ಧತೆಗೆ ಬಂದರೆ ಈ ಸೀಮೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ತಿಂಗಳುಗಟ್ಟಲೆ ಕೆಡದ ಖಡಕ್ ರೊಟ್ಟಿ, ಶೇಂಗಾ, ಗುರೆಳ್ಳು, ಅಗಸಿಯ ಚಟ್ನಿಪುಡಿಗಳಿಗಿಂತ ಒಳ್ಳೆಯ ಆಪತ್ಕಾಲದ ಆಹಾರ ಜಗತ್ತಿನಲ್ಲಿಯೇ ಅಪರೂಪ. 2019ರ ನೆರೆಯಲ್ಲಿ ಊರೂರುಗಳಿಂದ ಸಂತ್ರಸ್ತರಿಗೆ ಚೀಲಗಟ್ಟಲೆ ಹೋದದ್ದೂ ಅವೇ. ಕುಳ್ಳು ಕಟ್ಟಿಗೆಗಳ ಒಂದು ಪಾಲು ಒಳಗಿರಬೇಕು, ಕುಡಿಯುವ ನೀರು ಮಳೆ ಹಿಡಿಯುವ ಮೊದಲೇ ತುಂಬಿರಬೇಕು, ಕೆರೆ ಬಾವಿಯ ನೀರನ್ನು ಮಳೆಯ ನಂತರ ಹಲವು ದಿನ ಕಾಯಿಸಿಯೇ ಕುಡಿಯಬೇಕು. ನೆನೆದ ಗೋಡೆಯಲ್ಲಿ ವಿದ್ಯುತ್ ಹರಿಯುವುದರಿಂದ ಮೇನ್ ಸ್ವಿಚ್ ಆರಿಸಿ ಲಾಟೀನು ಹಚ್ಚಿಕೊಳ್ಳುವುದು ಲೇಸು. ಹಗೇವು ಇನ್ನೂ ಬಳಕೆಯಲ್ಲಿರುವ ಕಡೆ ಒಂದು ಮಾತು: ನೀರು ಇಳಿದ ಹಗೇವಿನಲ್ಲಿ ಕಾಳು ಮುಗ್ಗಿ ಕೆಟ್ಟ ಗಾಳಿ ತುಂಬುತ್ತದೆ. ಬಾಯಿ ತೆರೆದು, ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಇಳಿಬಿಟ್ಟ ದೀಪ ಆರಿದರೆ ಒಳಗೆ ಇಳಿಯಲೇಬಾರದು. ದೀಪ ಉರಿದರೂ ಮೇಲೆ ಇಬ್ಬರು ಹಗ್ಗ ಹಿಡಿದು ನಿಲ್ಲದೆ ಯಾರೂ ಇಳಿಯತಕ್ಕದ್ದಲ್ಲ.

ಎಲ್ಲಕ್ಕಿಂತ ಕಠಿಣವಾದುದು ಮನೆ ಬಿಡುವ ಹೊತ್ತನ್ನು ನಿರ್ಧರಿಸುವುದು. ಹಳೆಯ ಮನೆಗೆ ಬಾಗಿಲು ಒಂದೇ. ಬಾಗಿಲೊಳಗೆ ದನ ಕಟ್ಟುವ ಜಾಗ, ಅದರಾಚೆ ಪಡಸಾಲೆ, ಕೊನೆಗೆ ಕತ್ತಲೆಯ ಅಡುಗೆಮನೆ. ಬೆಚ್ಚಗಿರುತ್ತದೆಂದು ಮಕ್ಕಳನ್ನೂ ಮುದುಕರನ್ನೂ ಮಲಗಿಸುವುದು ಹಿಂದಿನ ಕೋಣೆಯಲ್ಲಿ. ಮುಂದಿನ ಗೋಡೆ ಕುಸಿದರೆ ಹಿಂದಿದ್ದವರಿಗೆ ದಾರಿಯೇ ಇಲ್ಲ. ಜಡಿಮಳೆಯ ರಾತ್ರಿಗಳಲ್ಲಿ ಅವರ ಹಾಸಿಗೆ ಬಾಗಿಲ ಬಳಿಗೆ ಬರಬೇಕು, ಬಾಗಿಲಿಗೆ ಅಗಳಿ ಹಾಕಬಾರದು, ದನಗಳ ಕಣ್ಣಿ ಬಿಚ್ಚಿರಬೇಕು. ಮನೆ ಬೀಳುವ ಮುನ್ನ ಹಲವು ಸಲ ಸುಳಿವು ಕೊಡುತ್ತದೆ: ಜಂತಿ ಕಟಕಟ ಎನ್ನುತ್ತದೆ, ಮೇಲಿನಿಂದ ಮಣ್ಣು ಉದುರುತ್ತದೆ, ಗೋಡೆಯ ಹೊಟ್ಟೆ ಮುಂದೆ ಬರುತ್ತದೆ, ಸರಿಯಾಗಿ ಹಾಕುತ್ತಿದ್ದ ಕದ ಚೌಕಟ್ಟಿಗೆ ಬಿಗಿಯಾಗುತ್ತದೆ. ಇವುಗಳಲ್ಲಿ ಒಂದು ಕಂಡರೂ ಪೆಟ್ಟಿಗೆ, ಪಾತ್ರೆಗಳ ಆಸೆ ಬಿಟ್ಟು ಶಾಲೆಗೋ ಗುಡಿಗೋ ನಡೆಯಬೇಕು. ಸುಳಿವು ಕಾಣದಿದ್ದರೆ ಕ್ಷೇಮವೆಂದೂ ಅಲ್ಲ. ಮೇಲ್ಮುದ್ದೆ ದಪ್ಪವಿರುವ, ಗೋಡೆ ಹಳೆಯದಾದ ಮನೆಯವರು ಎರಡನೆಯ ದಿನದ ಮಳೆ ನಿಲ್ಲದಿದ್ದರೆ ಬೆಳಕಿರುವಾಗಲೇ ಹೊರಡುವುದು ತಕ್ಕದ್ದು. ಯಾವ ಓಣಿಯ ಯಾವ ಮನೆ ದುರ್ಬಲ, ಅದರಲ್ಲಿ ನಡೆಯಲಾರದವರು ಯಾರಿದ್ದಾರೆ ಎಂಬುದು ಊರಿಗೆ ಗೊತ್ತೇ ಇರುತ್ತದೆ. ಅದನ್ನು ಮಳೆಗೆ ಮುನ್ನ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಲು ಪಂಚಾಯಿತಿಗೆ ಯಾವ ಅನುದಾನವೂ ಬೇಕಾಗುವುದಿಲ್ಲ. ಇಂದು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಮಳೆಮಾಪಕಗಳಿವೆ, ಹವಾಮಾನ ಇಲಾಖೆಯ ಕೆಂಪು, ಕಿತ್ತಳೆ ಎಚ್ಚರಿಕೆಗಳು ಮೊಬೈಲಿಗೇ ಬರುತ್ತವೆ. ಮಳೆ ಎಷ್ಟು ಬರುವುದೆಂದು ಅವು ಹೇಳಬಲ್ಲವು. ಯಾರ ಮಾಳಿಗೆ ಎಷ್ಟು ಹೊರಬಲ್ಲುದೆಂದು ಹೇಳಲಾರವು.

ಸರಕಾರದ ಲೆಕ್ಕ ಮನೆ ಬಿದ್ದ ಮೇಲೆ ಶುರುವಾಗುತ್ತದೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ರೂಪಾಯಿ ಘೋಷಣೆಯಾಯಿತು. ಅಲ್ಪಸ್ವಲ್ಪ ಹಾನಿಗೆ ಐವತ್ತು ಸಾವಿರ. ಕಷ್ಟದಲ್ಲಿರುವವರಿಗೆ ಅದು ಬೇಕು, ಬೇಡವೆನ್ನುವವರು ಯಾರು? ಆದರೆ ಬೀಳುವ ಮುನ್ನ ಹತ್ತು ಬುಟ್ಟಿ ಸವಳಿಗೆ, ಗೆದ್ದಲು ತಿಂದ ಎರಡು ಜಂತಿ ಬದಲಿಸುವುದಕ್ಕೆ ಸಣ್ಣ ಮೊತ್ತ ದೊರೆತರೆ ಐದು ಲಕ್ಷದ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಏಳುತ್ತಲೇ ಇರಲಿಲ್ಲ. 2009ರ ಬಳಿಕ ‘ಆಸರೆ’ ಯೋಜನೆಯಡಿ ಕಟ್ಟಿದ ನವಗ್ರಾಮಗಳ ಎಷ್ಟೋ ಮನೆಗಳು ಖಾಲಿ ಉಳಿದದ್ದಕ್ಕೆ ಕಾರಣ ಜನರ ಮೊಂಡುತನವೆಂದು ಹೇಳುವುದು ಸುಲಭ. ಎತ್ತು ಕಟ್ಟಲು ಜಾಗವಿಲ್ಲದ, ಜೋಳದ ಚೀಲ ಇಡಲು ಮೂಲೆಯಿಲ್ಲದ, ಏಪ್ರಿಲ್ ಬಿಸಿಲಿಗೆ ಕಾದ ಹಂಚಾಗುವ ಕೋಣೆಯನ್ನು ರೈತ ಮನೆಯೆಂದು ಒಪ್ಪುವುದು ಕಷ್ಟ.

ಮಳೆ ನಿಂತ ಮೇಲಿನ ಎರಡು ಮೂರು ದಿನಗಳನ್ನು ಕುರಿತು ಒಂದು ಮಾತು ಉಳಿದಿದೆ. ಬಿಸಿಲು ಬಿದ್ದೊಡನೆ ಮನೆಗೆ ಮರಳುವ ಆತುರ ಸಹಜ. ಆದರೆ ಗೋಡೆಯ ಹೊರಮೈ ಆರಿದರೂ ಒಳಗಿನ ಕೆಸರು ಹಸಿಯಾಗಿಯೇ ಇರುತ್ತದೆ, ಅಡಿಯ ಎರೆಭೂಮಿ ಉಬ್ಬಿದ್ದು ಇಳಿಯತೊಡಗುತ್ತದೆ. ಹಲವು ಗೋಡೆಗಳು ಉರುಳುವುದು ಆಗಲೇ. ಮೊದಲು ಹೊರಗಿನಿಂದ ನಾಲ್ಕೂ ಗೋಡೆ ನೋಡಬೇಕು. ನೆನೆದ ಮಾಳಿಗೆಯ ಮೇಲೆ ಮಣ್ಣು ಬಡಿಯಲು ಗುಂಪಾಗಿ ಹತ್ತಬಾರದು. ಸಾಮಾನು ತರಲೇಬೇಕಾದರೆ ಹಗಲಿನಲ್ಲಿ ಒಬ್ಬರು ಒಳಗೆ ಹೋಗಿ, ಇನ್ನೊಬ್ಬರು ಬಾಗಿಲಲ್ಲಿ ಜಂತಿಯ ಮೇಲೆ ಕಣ್ಣಿಟ್ಟು ನಿಲ್ಲಬೇಕು. ಮಕ್ಕಳು ಗೋಡೆಯ ನೆರಳಿನಲ್ಲಿ ಆಡದಂತೆ ಓಣಿಯವರೆಲ್ಲ ನೋಡಿಕೊಳ್ಳಬೇಕು.